ಸುಡದ ಇಟ್ಟಿಗೆಯ ಕೋಣೆ

ಕುಮುದಿನಿ ಖಾನಾಪುರದ ಇಟ್ಟಿಗೆ ಭಟ್ಟಿಗೆ ಮೊದಲ ಸಲ ಹೋದದ್ದು ಕಟ್ಟಿಗೆ ತೂಗಲು. ಅದು ೧೯೭೮ರ ಮಾರ್ಚ್ ತಿಂಗಳು. ಬೆಳಗಾವಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಅವಳು ಕಟ್ಟಡಶಾಸ್ತ್ರ ಕಲಿಸುತ್ತಿದ್ದಳು. ವಿಭಾಗದಲ್ಲಿ ಅವಳೊಬ್ಬಳೇ ಹೆಂಗಸು, ಇನ್ನೂ ಮೂವತ್ತು ತುಂಬಿರಲಿಲ್ಲ. ಖಾಸಬಾಗದ ಮನೆಯಲ್ಲಿ ತಾಯಿಯೊಂದಿಗೆ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷು, ಬಸ್ಸಿನಲ್ಲೂ ಬಾಜಾರದಲ್ಲೂ ಕನ್ನಡ ಆಡಿ ದಿನ ಕಳೆಯುವವಳು, ಭಟ್ಟಿಯ ಮುಂದೆ ದೊಡ್ಡ ತಕ್ಕಡಿ ಇಳಿಸಿಕೊಂಡು ನಿಂತಾಗ ಹೇಗೆ ಮಾತು ಶುರು ಮಾಡಬೇಕೆಂದು ತಿಳಿಯದೆ ಸುಮ್ಮನೆ ನಕ್ಕಳು. ಮಣ್ಣು ತುಳಿಯುತ್ತಿದ್ದ ಹೆಂಗಸರೂ ನಕ್ಕರು.

ಭಟ್ಟಿಯ ಮಾಲೀಕ ರಾಯಪ್ಪ ಮಾತ್ರ ನಗಲಿಲ್ಲ. "ತೂಗ್ರಿ ಬಾಯಾರ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ತೂಗಿದ್ರ ಬೆಂಕಿ ಕಡಿಮಿ ಹತ್ತತೈತೇನು?" ಎಂದ.

ಮೂರು ದಿನ ತೂಗಿದಳು. ಮೂವತ್ತು ಸಾವಿರ ಇಟ್ಟಿಗೆ ಸುಡಲು ಹನ್ನೆರಡು ಚಕ್ಕಡಿ ಕಾಡಿನ ಕಟ್ಟಿಗೆ. ಎರಡು ಕೋಣೆಯ ಒಂದು ಮನೆಯ ಗೋಡೆ ಏಳಬೇಕಾದರೆ ಎಷ್ಟು ಮರ ಬೂದಿಯಾಗಬೇಕು ಎಂಬುದು ಅವಳ ಪ್ರಶ್ನೆ. ಈ ಪ್ರಶ್ನೆ ಅವಳೊಬ್ಬಳದೇ ಅಲ್ಲ. ಧಾರವಾಡದಲ್ಲಿ ರಸಾಯನಶಾಸ್ತ್ರ ಕಲಿಸುವ ಕಲ್ಲಯ್ಯ ಎಂಬವರು ಅವಳ ಜೊತೆಗೂಡಿದ್ದರು. ಸಿಮೆಂಟಿಗೆ ಪರ್ಮಿಟ್ ಹಿಡಿದು ತಿಂಗಳುಗಟ್ಟಲೆ ಕಾಯುವ ಕಾಲ ಅದು. ಸುಡದೆಯೇ, ಮಣ್ಣಿಗೆ ತುಸು ಸುಣ್ಣ ಬೆರೆಸಿ, ಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡಿದರೆ ಖಾನಾಪುರದಂಥ ಮಳೆಯ ಊರಿನಲ್ಲಿ ಗೋಡೆ ನಿಲ್ಲುತ್ತದೆಯೇ ಎಂದು ನೋಡುವುದು ಇಬ್ಬರ ಸಂಶೋಧನೆ. ಮಣ್ಣಿನ ಪರೀಕ್ಷೆ ಅವರದು, ಗೋಡೆ ಕಟ್ಟುವುದು ಇವಳದು. ಎರಡೂ ಕಡೆಯಿಂದ ಅನುಮತಿ ಸಿಕ್ಕಿತ್ತು, ಎರಡು ವರ್ಷಕ್ಕೆ ಅನುದಾನವೂ ಸಿಕ್ಕಿತ್ತು.

ಭಟ್ಟಿಯಲ್ಲಿ ಅಚ್ಚು ಹಾಕುವ ಹೆಂಗಸರಲ್ಲಿ ಸಾವಂತ್ರವ್ವ ಎಂಬಾಕೆ ಇದ್ದಳು. ನಲವತ್ತರ ಹತ್ತಿರದ ವಯಸ್ಸು. ಅವಳ ಗಂಡ ಸಿದರಾಯ ಅದೇ ಭಟ್ಟಿಗೆ ಕಟ್ಟಿಗೆಯ ಚಕ್ಕಡಿ ಹೊಡೆಯುತ್ತಿದ್ದ. ಮೂರನೆಯ ದಿನ ಅವಳು ಕೈಯ ಮಣ್ಣು ಒರೆಸಿಕೊಳ್ಳುತ್ತ ತಕ್ಕಡಿಯ ಬಳಿ ಬಂದಳು.

"ಇಷ್ಟು ತೂಗಿ ಏನ ಮಾಡವ್ರ ಬಾಯಾರ?"

"ಸುಡಲಾರದ ಇಟ್ಟಂಗಿ ಮಾಡಬೇಕಂತ ಐತಿ. ಬೆಂಕೀನ ಬ್ಯಾಡ."

"ಹಸಿ ಇಟ್ಟಂಗಿ?" ಸಾವಂತ್ರವ್ವನ ಮುಖ ಅರಳಿತು. "ನಮ್ಮವ್ವ ಇದ್ದಿದ್ರ ನಿಮ್ಮ ಕೂಡ ಬರತಿದ್ಲು ನೋಡ್ರಿ. ಆಕಿ ಮಣ್ಣಿನ ಗ್ವಾಡಿ ಹಾಕಾಕಿ. ಈ ಸುತ್ತ ಏಳೂರಾಗ ಆಕಿ ಹಾಕಿದ ಗ್ವಾಡಿ ಇನ್ನೂ ನಿಂತಾವ."

ಕುಮುದಿನಿ ಕಟ್ಟಿಗೆಯ ತೂಕವನ್ನು ವಹಿಯಲ್ಲಿ ಬರೆದುಕೊಂಡಳು. ಈ ಮಾತನ್ನು ಬರೆದುಕೊಳ್ಳಲಿಲ್ಲ.

ಮರುವರ್ಷ ಚಳಿ ಮುಗಿಯುವ ಹೊತ್ತಿಗೆ ಕಲ್ಲಯ್ಯ ಖಾನಾಪುರಕ್ಕೆ ಬಂದು, ಮಲಪ್ರಭೆಯ ದಂಡೆಯಿಂದ ತುಸು ದೂರದಲ್ಲಿ ರಾಯಪ್ಪ ಬಿಟ್ಟುಕೊಟ್ಟ ಜಾಗದಲ್ಲಿ ಆಳುದ್ದದ ಗುಂಡಿ ತೋಡಿಸಿ, ತಳದ ಕೆಂಪುಮಣ್ಣನ್ನು ಡಬ್ಬಿಯಲ್ಲಿ ತುಂಬಿಕೊಂಡು ಹೋದರು. ಮಣ್ಣು ಚೆನ್ನಾಗಿದೆ ಎಂದು ಧಾರವಾಡದಿಂದ ವರದಿ ಬಂತು. ಉದ್ಯಮಬಾಗದ ಒಂದು ವರ್ಕ್‌ಶಾಪಿನಲ್ಲಿ ಉದ್ದ ಹಿಡಿಕೆಯ ಕೈಯಂತ್ರ ತಯಾರಾಯಿತು. ಆದರೆ ಅದು ತಯಾರಾಗಿ ಬರುವಷ್ಟರಲ್ಲಿ ಏಪ್ರಿಲ್ ಮುಗಿಯುತ್ತ ಬಂದಿತ್ತು. ಮಳೆಗೆ ಮುಂಚೆ ಒಂದು ಕೋಣೆ, ಒಂದು ಕಟ್ಟೆ ಮುಗಿಸಲೇಬೇಕು. ಮಳೆಗಾಲ ಪೂರ್ತಿ ಅದರಲ್ಲಿ ಯಾರಾದರೂ ವಾಸಿಸಿ, ಒಳಗೆ ಎಷ್ಟು ಶೆಕೆ, ಎಷ್ಟು ತೇವ ಎಂದು ಹೇಳಬೇಕು. ಕಬ್ಬಿನ ಒಣಗರಿಯ, ಅಂದರೆ ರವದಿಯ ಗುಡಿಸಲಿನಲ್ಲಿದ್ದ ಸಾವಂತ್ರವ್ವ ಮತ್ತು ಸಿದರಾಯ ಅದಕ್ಕೆ ಒಪ್ಪಿದ್ದರು. ಯಂತ್ರ ಒತ್ತುವ ಕೆಲಸಕ್ಕೂ ಸಾವಂತ್ರವ್ವನೇ ಬಂದಳು.

ಅಗೆಯುವವರು ಆಳಕ್ಕೆ ಹೋಗಲಿಲ್ಲ. ಬಿಸಿಲಿಗೆ ನೆಲ ಕಲ್ಲಾಗಿತ್ತು. ಅವರು ಅಗಲಕ್ಕೆ ಕೆರೆದು ಮಣ್ಣು ಗುಡ್ಡೆ ಹಾಕಿದರು. ಕುಮುದಿನಿ ಅದನ್ನು ನೋಡಿಯೂ ಸುಮ್ಮನಿದ್ದಳು. ಜಾಗ ಅದೇ, ಬಣ್ಣವೂ ಹೆಚ್ಚುಕಡಿಮೆ ಅದೇ.

ಸಾವಂತ್ರವ್ವ ಒಂದು ಹಿಡಿ ಎತ್ತಿ ಮೂಗಿಗೆ ಹಿಡಿದಳು. "ಬಾಯಾರ, ಇದು ಮ್ಯಾಲಿನ ಮಣ್ಣು. ಬೇರು, ಕಸಾ ಕೂಡೇತಿ. ಗ್ವಾಡಿಗೆ ಬರೂದಿಲ್ಲ. ಮೊಳಕಾಲುದ್ದ ತಗದು ಚೆಲ್ಲಿ ಅದರ ಕೆಳಗಿಂದು ತಗಸ್ರಿ."

"ಧಾರವಾಡದಾಗ ಪರೀಕ್ಷಾ ಆಗೇತಿ ಸಾವಂತ್ರವ್ವಾ. ಇದ ಜಾಗಾದ ಮಣ್ಣು. ನೀ ಒತ್ತೂ ಕೆಲಸ ನೋಡು."

ಸಾವಂತ್ರವ್ವ ಹಿಡಿಮಣ್ಣನ್ನು ಗುಡ್ಡೆಗೆ ಹಾಕಿ ಯಂತ್ರದ ಕಡೆ ನಡೆದಳು.

ಇಟ್ಟಿಗೆಗಳು ನೋಡಲು ಚೆಂದವಾಗಿ ಬಂದವು. ಅಂಚುಗಳು ಕೊಯ್ದ ಹಾಗೆ ಚೂಪು. ವಿಭಾಗದ ಮುಖ್ಯಸ್ಥ ತ್ರ್ಯಂಬಕರಾಯರು ಜೀಪಿನಲ್ಲಿ ಬಂದು ಫೋಟೋ ತೆಗೆಸಿಕೊಂಡು ಹೋದರು. ಜೂನ್ ಮೊದಲ ವಾರ ಸಾವಂತ್ರವ್ವ ತನ್ನ ಟ್ರಂಕು, ಪಾತ್ರೆ, ಎರಡು ಕೋಳಿಗಳ ಸಮೇತ ಹೊಸ ಕೋಣೆಗೆ ಬಂದಳು.

ಜುಲೈ ನಡುವಿನಲ್ಲಿ ಒಂದು ಬೆಳಿಗ್ಗೆ ರಾಯಪ್ಪ ಕಾಲೇಜಿಗೆ ಫೋನು ಮಾಡಿದ. "ಬಾಯಾರ, ನಿಮ್ಮ ಮನಿ ಕುಂತೈತ್ರಿ. ಲಗೂನ ಬರ್ರಿ."

ಸಿಕ್ಕ ರೈಲು ಹಿಡಿದು ಅವಳು ಹೋದಳು. ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡಲಿಲ್ಲ. 'ಯಾರಿಗಾದರೂ ಏನಾದರೂ ಆಗಿದೆಯೇ' ಎಂದು ಫೋನಿನಲ್ಲಿ ಕೇಳುವುದಕ್ಕೂ ಧೈರ್ಯ ಬಂದಿರಲಿಲ್ಲ. ಪಡುವಣ ಗೋಡೆ ನೀರು ಕುಡಿದು ಉಬ್ಬಿ, ಸೊಂಟದೆತ್ತರಕ್ಕೆ ಕುಸಿದಿತ್ತು. ಅರ್ಧ ಹಂಚು ಕೆಸರಿನಲ್ಲಿದ್ದವು. ಭಟ್ಟಿಯ ಚಪ್ಪರದ ಕೆಳಗೆ ಸಾವಂತ್ರವ್ವ ಒಲೆ ಹೂಡಿ ಚಹಾ ಕುದಿಸುತ್ತ ಕೂತಿದ್ದಳು. ಅವಳನ್ನು ಕಂಡವಳೇ ಕುಮುದಿನಿ ಚಪ್ಪರದ ಕಡೆ ಓಡಿದಳು.

"ನಿಮಗ ಎಲ್ಲೆರೆ ಪೆಟ್ಟು ಹತ್ತಿತೇನ್ರಿ?" ಅವಳು ಸಾವಂತ್ರವ್ವನನ್ನು 'ನೀವು' ಎಂದದ್ದು ಅದೇ ಮೊದಲು.

"ಇಲ್ರಿ. ನಿನ್ನೆ ಸಂಜೀ ಮುಂದ ಬುಡದಾಗ ಬಿರುಕು ಕಂಡೆ. ಸಾಮಾನಾ ಎಲ್ಲಾ ಇಲ್ಲಿ ತಂದ್ವಿ. ಕುಂದರ್ರಿ, ಚಾ ಕುಡೀರಿ."

ಸಿದರಾಯ ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದ. "ನಮ್ಮ ರವದಿ ಗುಡಿಸಲಾ ಸೋರತಿತ್ತು ಖರೇ ಬಾಯಾರ," ಎಂದ ತಣ್ಣಗೆ, "ಆದ್ರ ಮೈಮ್ಯಾಲ ಬೀಳತಿದ್ದಿಲ್ಲ."

ಸಾವಂತ್ರವ್ವ ಎದ್ದು ಹೋಗಿ ಕೆಸರಿನಿಂದ ಒಂದು ಇಟ್ಟಿಗೆ ತಂದು ಕೈಯಿಂದಲೇ ಮುರಿದಳು. ಒಳಗೆ ಕೂದಲಿನಂಥ ಬೇರುಗಳಿದ್ದವು.

"ಅವತ್ತು ನಾ ಒಮ್ಮೆ ಹೇಳಿದ್ನಿ. ನಿಮಗ ಸಿಟ್ಟು ಬಂದೀತಂತ ಎರಡನೇ ಸಲ ಹೇಳಲಿಲ್ಲ. ಹೇಳಬೇಕಿತ್ತು. ನಂದೂ ತಪ್ಪೈತಿ."

"ಇಲ್ಲ, ನಿಮ್ಮದಲ್ಲ," ಎಂದಳು ಕುಮುದಿನಿ. ಮುರಿದ ಇಟ್ಟಿಗೆಯನ್ನು ಕೈಚೀಲದಲ್ಲಿ ಹಾಕಿಕೊಂಡು ಬೆಳಗಾವಿಗೆ ಮರಳಿದಳು.

ತ್ರ್ಯಂಬಕರಾಯರು ಕೆಟ್ಟವರಲ್ಲ. ಯೋಜನೆ ಉಳಿಯಲಿ ಎಂಬುದೇ ಅವರ ಆಸೆ. "ವರದಿಯೊಳಗ ಅತಿವೃಷ್ಟಿ ಆತು ಅಂತ ಬರೀರಿ," ಎಂದರು. "ಸುಳ್ಳೇನಲ್ಲ. ಮಳಿ ಆಗೇದಲ್ಲ?"

ಮಳೆ ಆಗಿತ್ತು, ಖರೆ. ಆದರೆ ಖಾನಾಪುರದಲ್ಲಿ ಪ್ರತಿವರ್ಷ ಆಗುವಷ್ಟೇ ಆಗಿತ್ತು. ಕುಮುದಿನಿ ಎರಡು ದಿನ ಯೋಚಿಸಿದಳು. ಮಳೆಯಿಂದ ಬಿತ್ತು ಎಂದು ಬರೆದರೆ ತಾನು ಉಳಿಯುತ್ತೇನೆ. ಆದರೆ ಮಣ್ಣಿನ ಮನೆ ಮಳೆಯಲ್ಲಿ ನಿಲ್ಲುವುದಿಲ್ಲ ಎಂಬ ಮಾತು ಶಾಶ್ವತವಾಗಿ ಕಾಗದದ ಮೇಲೆ ಉಳಿದುಬಿಡುತ್ತದೆ. ಇನ್ನು ಹತ್ತು ವರ್ಷ ಯಾರೂ ಆ ದಾರಿ ಹಿಡಿಯುವುದಿಲ್ಲ. ತಪ್ಪು ತನ್ನದು, ಹೊರಬೇಕಾದದ್ದು ಮಣ್ಣು. ಅದು ಅವಳಿಗೆ ಒಪ್ಪಿಗೆಯಾಗಲಿಲ್ಲ.

ಧಾರವಾಡಕ್ಕೆ ಹೋಗಿ ಕಲ್ಲಯ್ಯನವರ ಮೇಜಿನ ಮೇಲೆ ಆ ಇಟ್ಟಿಗೆ ಇಟ್ಟು ನಡೆದದ್ದನ್ನೆಲ್ಲ ಹೇಳಿದಳು. ಅವರ ಹಣೆಯ ವಿಭೂತಿಯ ಕೆಳಗೆ ಹುಬ್ಬುಗಳು ಗಂಟಾದವು. "ಪರೀಕ್ಷಾ ಮಾಡಿದ ಮಣ್ಣು ಒಂದು, ಕಟ್ಟಿದ ಮಣ್ಣು ಒಂದು! ನನಗ ಒಂದು ಕಾಗದಾ ಹಾಕೂದಾಗಲಿಲ್ಲ?" ಎಂದು ದನಿ ಏರಿಸಿದರು. ಪ್ರಯೋಗಾಲಯದ ಹುಡುಗರು ತಿರುಗಿ ನೋಡಿದರು. ಆಮೇಲೆ ಕಲ್ಲಯ್ಯ ಇಟ್ಟಿಗೆಯ ಚೂರನ್ನು ಬೆರಳಲ್ಲಿ ಪುಡಿ ಮಾಡುತ್ತ, "ನಾನೂ ಒಂದ ಗುಂಡಿ ನೋಡಿ ಇಡೀ ಹೊಲದ ಬಗ್ಗೆ ಬರದ್ನಿ," ಎಂದರು. "ಇದ್ದದ್ದ ಇದ್ದಂಗ ಬರೀರಿ. ಇಬ್ಬರೂ ಸಹಿ ಮಾಡೂಣು. ಆ ಹೆಣಮಗಳು ಮೊದಲ ಹೇಳಿದ್ಲು ಅನ್ನೂದನ್ನೂ ಬರೀರಿ."

ಬರೆದರು. ಅನುದಾನವನ್ನು ತಡೆಹಿಡಿಯಲಾಗಿದೆ ಎಂದು ಎರಡೇ ತಿಂಗಳಲ್ಲಿ ಪತ್ರ ಬಂತು. ಯಂತ್ರವನ್ನು ಮಾತ್ರ ಯಾರೂ ವಾಪಸು ಕೇಳಲಿಲ್ಲ. ತ್ರ್ಯಂಬಕರಾಯರು ಪತ್ರವನ್ನು ಫೈಲಿಗೆ ಹಾಕಿ, ಕನ್ನಡಕ ತೆಗೆದು ಒರೆಸುತ್ತ, "ರವಿವಾರ ನೀವು ಎಲ್ಲಿ ಹೋಗತೀರಿ, ಏನ ಮಾಡತೀರಿ, ಅದನ್ನ ನಾ ಕೇಳೂದಿಲ್ಲ," ಎಂದರು.

ಹೀಗೆ ರವಿವಾರಗಳು ಶುರುವಾದವು. ಕುಮುದಿನಿ ಬೆಳಗಾವಿಯಿಂದ, ಕಲ್ಲಯ್ಯ ಧಾರವಾಡದಿಂದ ಖಾನಾಪುರಕ್ಕೆ ಬರುತ್ತಿದ್ದರು. ಮೊದಲ ರವಿವಾರ ಸಾವಂತ್ರವ್ವ ಅವರನ್ನು ತನ್ನ ತಾಯಿಯ ಗೋಡೆಗಳನ್ನು ತೋರಿಸಲು ಕರೆದುಕೊಂಡು ಹೋದಳು. ಒಂದು ಊರಿನ ಗೋಡೆಗೆ ನಲವತ್ತು ವರ್ಷವಾಗಿತ್ತು. ಕುಮುದಿನಿ ಅಳತೆಪಟ್ಟಿ ಹಿಡಿದು ಅದರ ದಪ್ಪ, ಸೂರಿನ ಚಾಚು, ಕೆಳಗಿನ ಕಲ್ಲಿನ ಎತ್ತರ ಎಲ್ಲ ಬರೆದುಕೊಂಡಳು. ಸಾವಂತ್ರವ್ವ ಮಣ್ಣನ್ನು ಕಟ್ಟುವ ಮುಂಚೆ ಬಾಯಿಗೆ ಹಾಕಿ ನೋಡುತ್ತಿದ್ದಳು.

"ಹಲ್ಲಾಗ ಕರ್ ಕರ್ ಅನ್ನಬೇಕು, ಅಂದ್ರ ಉಸುಕು ಐತಿ. ನಾಲಿಗಿಗೆ ಹತ್ತಬೇಕು, ಅಂದ್ರ ಜಿಗಿ ಐತಿ. ಎರಡೂ ಬೇಕು. ನೀವೂ ನೋಡ್ರಿ ಅಯ್ಯನೋರ."

ಕಲ್ಲಯ್ಯ ಚಿಟಿಕೆ ಮಣ್ಣು ಬಾಯಿಗೆ ಹಾಕಿಕೊಂಡು ಮುಖ ಕಿವಿಚಿದರು. ಸಿದರಾಯ ಅಂದು ಮೊದಲ ಬಾರಿಗೆ ಅವರೆದುರು ನಕ್ಕ.

ಆ ಚಳಿಗಾಲದಲ್ಲಿ ಹನ್ನೊಂದು ಜಾಗಗಳ ಮಣ್ಣು ಕೂಡಿಸಿದರು. ಸಾವಂತ್ರವ್ವ ಕೈಯಲ್ಲಿ ಹೊಸೆದು, ಮೂಸಿ, ಅಗಿದು, ಇದು ಬರತೈತಿ, ಇದು ಬರಂಗಿಲ್ಲ ಎಂದು ವಿಂಗಡಿಸಿದಳು. ಅವಳ ತೀರ್ಮಾನವನ್ನು ಹುಡುಗರಿಗೆ ಹೇಳದೆ ಕಲ್ಲಯ್ಯ ಅದೇ ಮಣ್ಣನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದರು. ಹತ್ತರಲ್ಲಿ ಎರಡೂ ತೀರ್ಮಾನ ಹೊಂದಿದವು. ಹನ್ನೊಂದನೆಯದರಲ್ಲಿ ಹೊಂದಲಿಲ್ಲ. ಸಾವಂತ್ರವ್ವ ಒಪ್ಪಿದ ಮಣ್ಣು ನೀರು ಬಿದ್ದರೆ ಉಬ್ಬುವ ಜಾತಿಯದು ಎಂದು ಪ್ರಯೋಗಾಲಯ ಹೇಳಿತು. ಅವಳು ಬೇಸರ ಮಾಡಿಕೊಳ್ಳಲಿಲ್ಲ, ನಂಬಲೂ ಇಲ್ಲ. "ನನಗ ಕಣ್ಣಿಲೆ ತೋರಸ್ರಿ," ಎಂದಳು. ಧಾರವಾಡಕ್ಕೆ ಬಂದು, ಗಾಜಿನ ಕೊಳವೆಯಲ್ಲಿ ಆ ಮಣ್ಣು ಇಡೀ ದಿನ ನೀರು ಹೀರಿ ಬೆರಳಿನಗಲ ಮೇಲೇರಿದ್ದನ್ನು ಕೂತು ನೋಡಿದಳು. "ಎಲಾ ಇದರ! ಬಾಯಿಗೆ ಗೊತ್ತಾಗಲಿಲ್ಲ ನೋಡ್ರಿ," ಎಂದು ಕೊಳವೆಯನ್ನು ತಟ್ಟಿದಳು. ಅಂದಿನಿಂದ ಅವಳ ಗುಡಿಸಲಿನಲ್ಲಿ ಎರಡು ಗಾಜಿನ ಕೊಳವೆಗಳೂ ಇದ್ದವು.

ಕೊನೆಗೆ ದಾರಿ ಸಿಕ್ಕಿತು. ಗುಡ್ಡದ ಕೆಂಪುಮಣ್ಣು, ಅದೂ ಮೊಳಕಾಲಾಳದ ಕೆಳಗಿನದು, ಹೊಳೆಯ ಉಸುಕು, ನೆನೆಸಿದ ಸುಣ್ಣ. ಒತ್ತಿದ ಮೇಲೆ ಒದ್ದೆ ಗೋಣಿತಾಟು ಹೊದಿಸಿ ನಾಲ್ಕು ವಾರ ಬಿಡಬೇಕು. ಸಿದರಾಯನಿಗೆ ಮಾತ್ರ ಒಂದು ಚಿಂತೆ ಕೊರೆಯುತ್ತಿತ್ತು. "ಕಟ್ಟಿಗೀನ ಬ್ಯಾಡ ಅಂದ್ರ ನನ್ನ ಚಕ್ಕಡಿ ಏನ ಮಾಡಲಿ?" ಎಂದು ಒಂದು ದಿನ ಕೇಳಿಯೇಬಿಟ್ಟ. ಕುಮುದಿನಿ ಉತ್ತರ ಹುಡುಕುತ್ತಿರುವಾಗಲೇ ಸಾವಂತ್ರವ್ವ, "ಉಸುಕು ಏನ ತಾನ ನಡಕೋತ ಬರತೈತೇನು?" ಎಂದಳು. ಮರುವಾರದಿಂದ ಚಕ್ಕಡಿ ಹೊಳೆಯ ಕಡೆ ತಿರುಗಿತು.

ಎರಡನೆಯ ಕಟ್ಟಡಕ್ಕೆ ಅವಕಾಶ ಸಿಕ್ಕಿದ್ದು ೧೯೮೧ರಲ್ಲಿ. ಅನುದಾನ ಮತ್ತೆ ಬಿಡುಗಡೆಯಾಗಿತ್ತು. ತಪ್ಪನ್ನು ತಾವೇ ಬರೆದುಕೊಟ್ಟವರನ್ನು ನಂಬಬಹುದು ಎಂದು ಅನುದಾನ ಕೊಡುವ ಸಮಿತಿಯಲ್ಲಿ ಯಾರೋ ಹೇಳಿದರಂತೆ. ಊರಂಚಿನಲ್ಲಿ ಬಾಲವಾಡಿಗೆ ಒಂದು ಕೋಣೆ ಬೇಕಾಗಿತ್ತು. ಮೇ ತಿಂಗಳಲ್ಲಿ ಕೋಣೆ ಎದ್ದುನಿಂತಿತು. ಆದರೆ ಮಕ್ಕಳನ್ನು ಕೂಡಿಸಬೇಕಾದರೆ ಸರಕಾರಿ ಇಂಜಿನಿಯರರ ಸಹಿ ಬೇಕು. ಮಾರ್ತಾಂಡ ಎಂಬ ಆ ಇಂಜಿನಿಯರರು ಗೋಡೆಯ ಸುತ್ತ ಎರಡು ಸುತ್ತು ಹಾಕಿ ನಿಂತರು.

"ಸಣ್ಣ ಮಕ್ಕಳು ಕೂಡೂ ಜಾಗಾ ಬಾಯಾರ. ಒಂದು ಬಿದ್ದದ್ದನ್ನ ಎಲ್ಲಾರೂ ನೋಡ್ಯಾರ. ಇದು ಬೀಳೂದಿಲ್ಲ ಅಂತ ನಾ ಹೆಂಗ ಬರದು ಕೊಡಲಿ?"

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಸಾವಂತ್ರವ್ವ ಮುಂದೆ ಬಂದಳು. "ಸಾಹೇಬ್ರ, ಮಳಿಗಾಲ ಮುಗಿಯೂತನಾ ನಾವ ಗಂಡಾ ಹೆಂಡತಿ ಇದರಾಗ ಇರತೇವಿ. ಆಮ್ಯಾಲ ಬಂದು ನೋಡ್ರಿ."

"ಬ್ಯಾಡ," ಎಂದಳು ಕುಮುದಿನಿ. "ಈ ಸಲ ನಾ ಇರತೇನಿ."

ಖಾಸಬಾಗದ ಮನೆಯಲ್ಲಿ ತಾಯಿ ಕಾಶೀಬಾಯಿ ಮರಾಠಿಯಲ್ಲಿ ಒಂದು ತಾಸು ಬೈದಳು. ಹುಚ್ಚು ಹಿಡಿದಿದೆಯೇ, ಬೀಳುವ ಮನೆಯಲ್ಲಿ ಹೋಗಿ ಕೂರಲು ಇಷ್ಟು ಓದಬೇಕಿತ್ತೇ ಎಂದಳು. ಕುಮುದಿನಿ ಹಾಸಿಗೆ, ಸ್ಟೋವು, ಉಷ್ಣತೆ ಅಳೆಯುವ ಎರಡು ಮಾಪಕ ಕಟ್ಟಿಕೊಂಡು ಹೋದಳು. ದಿನವೂ ರೈಲಿನಲ್ಲಿ ಕಾಲೇಜಿಗೆ ಹೋಗಿ, ಸಂಜೆ ಬಾಲವಾಡಿಯ ಕೋಣೆಗೆ ಮರಳಿ, ಗೋಡೆಯ ತೇವ, ಒಳಗಿನ ಹೊರಗಿನ ಶೆಕೆ ಬರೆದಿಡುತ್ತಿದ್ದಳು. ಹೊರಗೆ ಧಗೆ ಇದ್ದಾಗಲೂ ಒಳಗೆ ಹಿತವಾಗಿರುತ್ತಿತ್ತು. ಮೂರನೆಯ ವಾರ ಕಾಶೀಬಾಯಿಯೇ ಒಂದು ಡಬ್ಬಿ ಚಕ್ಕುಲಿ ಹಿಡಿದು ಬಸ್ಸಿನಿಂದ ಇಳಿದಳು. ಒಳಗೆ ಬಂದವಳು ಮಗಳನ್ನು ಮಾತಾಡಿಸುವ ಮುಂಚೆ ನಾಲ್ಕೂ ಗೋಡೆಗಳಿಗೆ ಅಂಗೈ ಒತ್ತಿ ನೋಡಿದಳು. ಆಮೇಲೆ ಚಕ್ಕುಲಿಯ ಡಬ್ಬಿ ತೆರೆದಳು.

ಜುಲೈ ಕೊನೆಗೆ ಮೂರು ದಿನ ಬಿಡದೆ ಸುರಿಯಿತು. ಮಲಪ್ರಭೆ ದಂಡೆ ಮೀರಿತು, ರೈಲುಗಳು ನಿಂತವು, ಕುಮುದಿನಿಗೆ ಕಾಲೇಜಿಗೆ ಹೋಗಲಾಗಲಿಲ್ಲ. ಮಳೆ ಪಡುವಣ ಗೋಡೆಗೆ ಅಪ್ಪಳಿಸುತ್ತಿತ್ತು. ಅವಳು ಗೋಡೆಯ ಬುಡವನ್ನೇ ನೋಡುತ್ತ ಕೂತಿದ್ದಳು. ಮೂರನೆಯ ದಿನ ಮಧ್ಯಾಹ್ನ ಸಾವಂತ್ರವ್ವ ಗೋಣಿಯ ಕೊಪ್ಪೆ ಹೊದ್ದು ಬಂದಳು. ಕೊಪ್ಪೆ ಝಾಡಿಸಿ ಬಾಗಿಲಿಗೆ ಹಾಕಿ, ಅದೇ ಪಡುವಣ ಗೋಡೆಗೆ ಬೆನ್ನು ಕೊಟ್ಟು ಕೂತು, ಉಡಿಯಲ್ಲಿದ್ದ ಶೇಂಗಾ ಸುಲಿಯತೊಡಗಿದಳು.

"ಹೆದರಿಕಿ ಬಂದೈತೇನ್ರಿ ಬಾಯಾರ?"

"ಬಂದೈತಿ."

"ನನಗೂ ಬಂದೈತಿ. ಅದಕ್ಕ ಬಂದ್ನಿ. ಮನ್ಯಾಗ ಕುಂತು ಹೆದರೂದಕಿಂತ ಇಲ್ಲಿ ಕುಂತು ನೋಡೂದು ಬೇಷ್."

ಕುಮುದಿನಿಯೂ ಹೋಗಿ ಅವಳ ಬಾಜೂಕೆ ಗೋಡೆಗೆ ಒರಗಿದಳು. ಇಬ್ಬರೂ ಶೇಂಗಾ ತಿಂದರು. ಬೆನ್ನಿಗೆ ಗೋಡೆ ತಣ್ಣಗಿತ್ತು, ಆದರೆ ಒದ್ದೆ ಇರಲಿಲ್ಲ. ಸಂಜೆಗೆ ಮಳೆ ಹಿಂದಾಯಿತು. ಹೊರಗೆ ಹೋಗಿ ನೋಡಿದರೆ ಗೋಡೆಯ ಮೈ ಬಣ್ಣ ಗಾಢವಾಗಿತ್ತು. ಒಂದು ಮೂಲೆಯಲ್ಲಿ ಹೆಬ್ಬೆರಳಿನಷ್ಟು ತುಣುಕು ಸಿಡಿದಿತ್ತು. ಅಷ್ಟೇ. ಸಾವಂತ್ರವ್ವ ಗೋಡೆಗೆ ಕಿವಿ ಹಚ್ಚಿ ಗೆಣ್ಣಿನಿಂದ ತಟ್ಟಿದಳು. "ಗಟ್ಟಿ ಅನ್ನಾಕತ್ತೈತಿ," ಎಂದು ಜೋರಾಗಿ ನಕ್ಕಳು. ಕುಮುದಿನಿಗೆ ಅಳು ಬಂತು. ಅದನ್ನು ಅಡಗಿಸಲು ಅವಳು ಪ್ರಯತ್ನ ಮಾಡಲಿಲ್ಲ.

ಸೆಪ್ಟೆಂಬರಿನಲ್ಲಿ ಮಾರ್ತಾಂಡ ಬಂದರು. ಜೇಬಿನ ಚಾಕು ತೆಗೆದು ಐದಾರು ಕಡೆ ಚುಚ್ಚಿದರು. ಕೊಡಪಾನ ತರಿಸಿ ಒಂದೇ ಜಾಗಕ್ಕೆ ನೀರು ಹೊಯ್ಯಿಸಿದರು. ಕಟ್ಟೆಯ ಮೇಲೆ ಕೂತು ಕುಮುದಿನಿಯ ವಹಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಕಾಗದಕ್ಕೆ ಸಹಿ ಮಾಡಿ, "ನಮ್ಮ ತಂಗಿ ಮನಿ ಕಟ್ಟೂದೈತಿ. ನಿಮ್ಮ ಯಂತ್ರಾ ಯಾವಾಗ ಖಾಲಿ ಇರತೈತಿ?" ಎಂದು ಕೇಳಿದರು.

ಎಲ್ಲವೂ ಬದಲಾಯಿತು ಎಂದೇನಲ್ಲ. ಉಳ್ಳವರು ಸುಟ್ಟ ಇಟ್ಟಿಗೆಯನ್ನೇ ಕೇಳುತ್ತಿದ್ದರು. ಶಹಾಪುರದ ನೇಕಾರರೊಬ್ಬರು ಮಗ್ಗದ ಕೋಣೆ ತಂಪಾಗಿರಲಿ ಎಂದು ಹಿಂದಿನ ಮೂರು ಗೋಡೆಗೆ ಹಸಿ ಇಟ್ಟಿಗೆ ಒಪ್ಪಿಕೊಂಡು, ಮುಂದಿನದು ಮಾತ್ರ ಸುಟ್ಟದ್ದೇ ಆಗಲಿ, ಬೀಗರು ನೋಡುತ್ತಾರೆ ಎಂದರು. ರಾಯಪ್ಪ ಭಟ್ಟಿ ಮುಚ್ಚಲಿಲ್ಲ. ಆದರೆ ಅದರ ಬಾಜೂಕೆ ತಾನೂ ಒಂದು ಯಂತ್ರ ಹೂಡಿ, ಎರಡನ್ನೂ ಮಾರತೊಡಗಿದ.

೧೯೮೩ರಲ್ಲಿ ನಾಲ್ಕೈದು ವಿಶ್ವವಿದ್ಯಾಲಯಗಳ ಅಧ್ಯಾಪಕರು ಬೆಳಗಾವಿಯಲ್ಲಿ ಸೇರಿದಾಗ ಈ ಕೆಲಸದ ಪ್ರಬಂಧ ಮಂಡನೆಯಾಯಿತು. ಅದರ ಮೇಲೆ ಮೂರು ಹೆಸರುಗಳಿದ್ದವು. ಮೂರನೆಯವರು ಯಾವ ವಿಭಾಗದವರು ಎಂದು ಹೊರಗಿನಿಂದ ಬಂದ ಒಬ್ಬರು ಕೇಳಿದರು. ತ್ರ್ಯಂಬಕರಾಯರು ಎದ್ದು, "ಅವರು ಇಲ್ಲೇ ಕೂತಾರ, ಅವರನ್ನ ಕೇಳ್ರಿ," ಎಂದರು. ಮೊದಲ ಸಾಲಿನಲ್ಲಿ ಇಳಕಲ್ ಸೀರೆಯ ಸೆರಗು ಹೊದ್ದು ಕೂತಿದ್ದ ಸಾವಂತ್ರವ್ವ ಎದ್ದು ನಿಂತಳು. ಅರ್ಧ ತಾಸು ಮಾತಾಡಿದಳು. ಕಲ್ಲಯ್ಯ ಇಂಗ್ಲಿಷಿಗೆ ತಿರುಗಿಸುತ್ತ ಹೋದರು. ನಡುವೆ ಒಮ್ಮೆ ಅವರು ಎರಡು ಮಾತು ಬಿಟ್ಟಾಗ ಅವಳು ತಡೆದು, "ಅಯ್ಯನೋರ, ಗೋಣಿತಾಟು ಹೊದಸೂದು ಹೇಳಲಿಲ್ಲ ನೀವು," ಎಂದಳು. ಸಭೆ ನಕ್ಕಿತು, ಕಲ್ಲಯ್ಯ ಅದನ್ನೂ ಹೇಳಿದರು.

ಸಭೆ ಮುಗಿದ ಮೇಲೆ ಕಾಕತಿಯಿಂದ ಬಂದಿದ್ದ, ಮನೆ ಕಟ್ಟುವ ಇಬ್ಬರು ಗೌಂಡಿಗಳು ಬಾಗಿಲಲ್ಲಿ ಅವಳಿಗಾಗಿ ಕಾಯುತ್ತಿದ್ದರು. ತಮ್ಮೂರಿನ ಶಾಲೆಗೆ ಎರಡು ಕೋಣೆ ಕಟ್ಟುವುದಿದೆ, ನೀವು ಬಂದು ಕಲಿಸಿಕೊಡಬೇಕು ಎಂದರು. ಸಾವಂತ್ರವ್ವ ಒಂದಿಷ್ಟು ಯೋಚಿಸಿದಳು.

"ಬರತೇನಿ. ಆದ್ರ ಗ್ವಾಡಿ ಹಾಕಾಕ ಹೆಣಮಕ್ಕಳನ್ನೂ ಕರೀರಿ. ಬರೇ ಮಣ್ಣು ಹೊರಾಕಲ್ಲ, ಕಲಿಯಾಕ," ಎಂದಳು. ಅವರು ಮುಖ ಮುಖ ನೋಡಿಕೊಂಡು, ಆಗಲಿ ಎಂದರು. ಮುಂದಿನ ಸೋಮವಾರ ಯಂತ್ರವನ್ನು ಟೆಂಪೋದ ಮೇಲೆ ಹಗ್ಗದಿಂದ ಬಿಗಿದು, ಸಿದರಾಯ ಅದರ ಬಾಜೂಕೆ, ಸಾವಂತ್ರವ್ವ ಡ್ರೈವರನ ಪಕ್ಕ ಕೂತು ಹೊರಟರು. ಕಾಕತಿಯಲ್ಲಿ ಅಂದು ಏಳು ಮಂದಿ ಹೆಂಗಸರು ಸೇರಿದ್ದರು. ಕುಮುದಿನಿ ಕಾಲೇಜಿನ ಪಾಠ ಮುಗಿಸಿ ಮಧ್ಯಾಹ್ನ ಅಲ್ಲಿಗೆ ತಲುಪಿದಾಗ ಅವರೆಲ್ಲ ಸಾಲಾಗಿ ನಿಂತು ಮಣ್ಣು ಅಗಿಯುತ್ತ, ಉಗುಳುತ್ತ, ನಗುತ್ತಿದ್ದರು.